ನಿದ್ದೆ ಮಾಡಿದರೂ ಹೋಗದ ಸುಸ್ತು: ಸೊರಬ, ಶಿಕಾರಿಪುರದ ಒಂದಿಷ್ಟು ಇತಿಹಾಸ

ನಮ್ಮ ಸೊರಬದ ಕಡೆ ಸುಸ್ತಿಗೆ ಎರಡು ಥರದ ಮಾತಿದೆ. ಗದ್ದೆ ನೆಟ್ಟಿ ಮುಗಿಸಿ ಬಂದವರು "ದಣಿವಾಯ್ತು" ಅಂತಾರೆ. ಉಂಡು ಮಲಗಿ ಎದ್ದರೆ ಆ ದಣಿವು ಬೆಳಿಗ್ಗೆಗೆ ಇರೋದಿಲ್ಲ. ಇನ್ನೊಂದು "ನಿತ್ರಾಣ". ಅದು ಬೆಳಿಗ್ಗೆ ನಮ್ಮ ಜೊತೆಗೇ ಏಳುತ್ತದೆ, ಕೆಲವು ಸಲ ನಮಗಿಂತ ಮೊದಲೇ :-)

ದಣಿವಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ. ನಮ್ಮ ಸುತ್ತಿನ ಹವ್ಯಕರ ಮನೆಗಳಲ್ಲಿ ನೆಂಟರು ಜಗುಲಿ ಹತ್ತಿ ಕೂರುವಷ್ಟರಲ್ಲೇ "ಆಸರಿಗೆ ಎಂತ ಅಡ್ಡಿಲ್ಲೆ?" ಅಂತ ಕೇಳ್ತಾರೆ. ನಡೆದು ಬಂದ ಆಯಾಸಕ್ಕೆ ಮಜ್ಜಿಗೆಯೋ ಪಾನಕವೋ ಕೊಡೋದು ಮನೆಯವರ ಕರ್ತವ್ಯ. ಆದರೆ ನಿತ್ರಾಣಕ್ಕೆ ಈ ಉಪಚಾರ ಇಲ್ಲ. ಎಂಟು ಗಂಟೆ ಮಲಗಿ ಎದ್ದವನು "ಸುಸ್ತು" ಅಂದರೆ ಮೊದಲು ಬರೋ ಉತ್ತರ "ಸೋಮಾರಿ". ಎರಡನೇದು "ರಾತ್ರಿ ಮೊಬೈಲು ನೋಡಿದ್ದೆ ಇರ್ಬೇಕು". ಮೂರನೇದು ಪಿತ್ತ.

ಈ ನಿತ್ರಾಣಕ್ಕೆ ನಮ್ಮ ಹಿಂದಿನವರು ಯಾರ ಹತ್ತಿರ ಹೋಗ್ತಿದ್ದರು ಅನ್ನೋ ಪ್ರಶ್ನೆ ಕೆಲವು ತಿಂಗಳಿಂದ ತಲೆಯಲ್ಲಿ ಕೂತಿತ್ತು. ನಾನು ಓದಿದ್ದು ಇಂಜಿನಿಯರಿಂಗು, ಇತಿಹಾಸ ಅಲ್ಲ. ರಜೆ ಸಿಕ್ಕಾಗ ಓದಿ, ಊರಲ್ಲಿ ಹಿರಿಯರನ್ನ ಕೇಳಿ ಸೇರಿಸಿದ್ದನ್ನ ಇಲ್ಲಿ ಬರೀತಾ ಇದೀನಿ. ಹುಡುಕುತ್ತಾ ಹೋದ ಹಾಗೆ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಈ ಎರಡು ತಾಲ್ಲೂಕಿನ ಜನರ ಸುಸ್ತನ್ನ ಹೊರಗಿನವರು ಜನರ ಗುಣ ಅಂತಲೋ, ನೆಲದ ಗುಣ ಅಂತಲೋ ಬರೆದು ಮುಗಿಸಿದ್ದಾರೆ. ಆದರೆ ಯಾರಾದರೂ ಕೂತು "ಯಾಕೆ?" ಅಂತ ಕೇಳಿದಾಗಲೆಲ್ಲ ಒಂದು ಕಾರಣ ಸಿಕ್ಕಿದೆ.

ಬಳ್ಳಿಗಾವಿಯ ಕೋಡಿಮಠ, 1162

ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದ ಪಕ್ಕದಲ್ಲೇ ಬಳ್ಳಿಗಾವಿ ಇದೆ. ಈಗ ನೋಡಿದರೆ ಸಾಧಾರಣ ಹಳ್ಳಿ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದ ರಾಜಧಾನಿ. ಅಲ್ಲಮ ಪ್ರಭುವಿನ ಊರು ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಹಾಗೆ ಕಾಳಾಮುಖ ಶೈವರ ಒಂದು ಮಠ ಇತ್ತು. ಕೆರೆಯ ಕೋಡಿಯ ಹತ್ತಿರ ಇದ್ದದ್ದಕ್ಕೆ ಕೋಡಿಯ ಮಠ.

ಕಳಚುರಿ ಬಿಜ್ಜಳನ ಕಾಲದ, 1162ರ ಒಂದು ಶಾಸನ ಈ ಮಠದ ಬಗ್ಗೆ ಹೇಳುತ್ತದೆ. ಆಗ ಮಠದ ಗುರು ವಾಮಶಕ್ತಿ. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಏಳನೇ ಸಂಪುಟದಲ್ಲಿ ಇದು ಶಿಕಾರಿಪುರದ 102ನೇ ಶಾಸನ. ಮಠದಲ್ಲಿ ಏನೇನು ನಡೀತಿತ್ತು ಅನ್ನೋದಕ್ಕೆ ಅಲ್ಲೊಂದು ಉದ್ದದ ಪಟ್ಟಿ ಇದೆ. ನಾಲ್ಕು ವೇದ ಓದೋ ಜಾಗ, ವ್ಯಾಕರಣಗಳನ್ನು ಕಲಿಯೋ ಜಾಗ, ದರ್ಶನಗಳ ಜಾಗ ಅಂತೆಲ್ಲ ಬಂದು, ಆಮೇಲೆ ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕತೆ ಹೇಳುವವರು, ಇವರಿಗೆಲ್ಲ ಅನ್ನ ಸಿಗೋ ಜಾಗ ಅಂತ ಬರುತ್ತದೆ. ಅದರ ಜೊತೆಗೇ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗೋ ಜಾಗ, ಎಲ್ಲ ಜೀವಿಗಳಿಗೂ ಅಭಯ ಸಿಗೋ ಜಾಗ ಅಂತಲೂ ಇದೆ.

ನನಗೆ ಇಷ್ಟ ಆಗಿದ್ದು ಈ ಪಟ್ಟಿ. ವ್ಯಾಕರಣವೂ ಗಂಜಿಯೂ ಮದ್ದೂ ಒಂದೇ ಕಲ್ಲಿನ ಮೇಲಿವೆ. ಮದ್ದಿಗೆ ಬರೋದಕ್ಕೆ ಮೊದಲು ಕಾಯಿಲೆಯ ಹೆಸರು ಹೇಳಬೇಕು ಅಂತಿಲ್ಲ. ಕೈಲಾಗದವನು ಅಂದರೆ ಸಾಕು, ಒಳಗೆ ಬರಬಹುದು. ಶಾಸನ ಅಂದಮೇಲೆ ಹೊಗಳಿಕೆ ಇದ್ದೇ ಇರುತ್ತದೆ, ಅದನ್ನ ಕಳೆದೇ ಓದಬೇಕು. ಆದರೆ ಹೊಗಳೋದಕ್ಕೆ ಅವರು ಆರಿಸಿಕೊಂಡ ವಿಷಯ ಯಾವುದು ನೋಡಿ! ಒಂದು ಮಠದ ದೊಡ್ಡಸ್ತಿಕೆ ಹೇಳೋವಾಗ ರೋಗಿಗಳ ಆರೈಕೆಯನ್ನೂ ಎಣಿಸಬೇಕು ಅಂತ ಎಂಟುನೂರ ಅರವತ್ತು ವರ್ಷದ ಹಿಂದೆ ಅವರಿಗೆ ಅನ್ನಿಸಿತ್ತು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, ಸುಮಾರು 1150ರಲ್ಲಿ, ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ' ಅನ್ನೋ ವೈದ್ಯಗ್ರಂಥವನ್ನ ಕನ್ನಡಕ್ಕೆ ತಂದ. ಇನ್ನು ಚರಕಸಂಹಿತೆಯಲ್ಲಿ ಪಾಂಡುರೋಗಕ್ಕೇ ಒಂದು ಅಧ್ಯಾಯ ಇದೆ. ಮೈ ಬಿಳಿಚಿಕೊಳ್ಳೋದು, ಬಲ ಕುಂದೋದು, ಸ್ವಲ್ಪ ನಡೆದರೂ ಏದುಸಿರು. ಅದಕ್ಕೆ ಹೇಳಿದ ಮದ್ದುಗಳಲ್ಲಿ ಕಬ್ಬಿಣ ಸೇರಿದವೂ ಇವೆ. ಇವತ್ತು ನಾವು ರಕ್ತಹೀನತೆ ಅಂತೀವಲ್ಲ, ಅದಕ್ಕೆ ತೀರ ಹತ್ತಿರದ ವರ್ಣನೆ. ಸುಸ್ತಿಗೂ ರಕ್ತಕ್ಕೂ ಸಂಬಂಧ ಇದೆ ಅನ್ನೋದು ನಮ್ಮವರಿಗೆ ಹೊಸ ಸುದ್ದಿಯೇನಲ್ಲ.

ಮಲೆನಾಡಿನ ಜ್ವರ

ಇಲ್ಲಿಂದ ಒಂದು ದೊಡ್ಡ ಜಿಗಿತ ಜಿಗಿದು ಹತ್ತೊಂಬತ್ತನೇ ಶತಮಾನಕ್ಕೆ ಬರೋಣ. ನಕ್ಷೆ ನೋಡಿದರೆ ಸೊರಬದ ಪಶ್ಚಿಮಕ್ಕೆ ಕಾಡು, ಅಡಿಕೆ ತೋಟ, ಹಳ್ಳಗಳು. ಪೂರ್ವಕ್ಕೆ ಶಿಕಾರಿಪುರದ ಕಡೆ ಬಂದಂತೆ ಕಾಡು ತೆಳುವಾಗಿ ಕೆರೆಗಳು ಜಾಸ್ತಿ. ಅರೆಮಲೆನಾಡು ಅನ್ನೋದು ಇದಕ್ಕೇ. ಹರಿಯೋ ಹಳ್ಳ ಇರಲಿ, ನಿಂತ ಕೆರೆ ಇರಲಿ, ಎರಡೂ ಕಡೆ ಜ್ವರ ಇತ್ತು. ಚಳಿ ಜ್ವರ.

ಆಗಿನ ಮೈಸೂರು ಸರ್ಕಾರಿ ನೌಕರರಿಗೆ ಮಲೆನಾಡಿಗೆ ವರ್ಗ ಅಂದರೆ ಶಿಕ್ಷೆ ಅನ್ನೋ ಮಾತನ್ನ ನೀವೂ ಕೇಳಿರ್ತೀರ. ಬಯಲುಸೀಮೆಯವರು ಈ ಕಡೆಗೆ ಹೆಣ್ಣು ಕೊಡೋಕೆ ಹಿಂದೆಮುಂದೆ ನೋಡ್ತಿದ್ದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912-18ರ ಅವಧಿಯಲ್ಲಿ ಮಲೆನಾಡು ಸುಧಾರಣೆಗೇ ಅಂತ ಒಂದು ಯೋಜನೆ ಹಾಕಿಕೊಳ್ಳಬೇಕಾಯಿತು. ಬೇರೆ ಕಡೆ ಜನ ಬೆಳೀತಾ ಇದ್ದರೆ ಇಲ್ಲಿ ಜನ ಸೊರಗ್ತಾ ಇದ್ದರು.

ಮಲೇರಿಯಾ ಅಂದ ಕೂಡಲೇ ನಮಗೆ ನೆನಪಾಗೋದು ನಡುಕ ಮತ್ತು ಜ್ವರ. ಆದರೆ ವರ್ಷಗಟ್ಟಲೆ ಅದರೊಟ್ಟಿಗೆ ಬದುಕಿದವರ ಕತೆ ಬೇರೆ. ಮಲೇರಿಯಾದ ಪರೋಪಜೀವಿ ಕೆಂಪು ರಕ್ತಕಣಗಳ ಒಳಗೆ ಹೊಕ್ಕು, ಅಲ್ಲೇ ಬೆಳೆದು, ಅವನ್ನ ಒಡೆದುಕೊಂಡು ಹೊರಬರುತ್ತದೆ. ಜ್ವರ ಬಿಟ್ಟರೂ ರಕ್ತ ಕಮ್ಮಿಯಾಗೋದು ನಿಲ್ಲೋದಿಲ್ಲ. ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗದಲ್ಲಿ ಗಡ್ಡೆ ಥರ ಕೈಗೆ ಸಿಗುತ್ತದೆ. ಒಂದು ಊರಿನಲ್ಲಿ ಎಷ್ಟು ಮಕ್ಕಳ ಹೊಟ್ಟೆಯಲ್ಲಿ ಈ ಗಡ್ಡೆ ಇದೆ ಅಂತ ಎಣಿಸಿಯೇ ಆ ಊರಿನ ಮಲೇರಿಯಾ ಎಷ್ಟು ಅಂತ ಅಳೀತಿದ್ದರು. ಇಂಥ ಮೈ ಹೊತ್ತುಕೊಂಡವನು ಹತ್ತು ಗಂಟೆ ಮಲಗಿದರೂ ಎದ್ದಾಗ ಸುಸ್ತೇ. ಅವನನ್ನ ನೋಡಿದ ಹೊರಗಿನವರು "ಮಲೆನಾಡಿನವರು ಆಲಸಿಗಳು" ಅಂದರು.

ಈ ಅನ್ಯಾಯ ನಮಗೊಬ್ಬರಿಗೇ ಆಗಿದ್ದಲ್ಲ. ಅಮೆರಿಕಾದ ದಕ್ಷಿಣ ರಾಜ್ಯಗಳ ಬಡ ಬಿಳಿಯ ರೈತರಿಗೂ ಸೋಮಾರಿಗಳು ಅನ್ನೋ ಬಿರುದಿತ್ತು. ಚಾರ್ಲ್ಸ್ ಸ್ಟೈಲ್ಸ್ ಅನ್ನೋ ಪ್ರಾಣಿಶಾಸ್ತ್ರಜ್ಞ 1902ರಲ್ಲಿ, ಅವರ ಸುಸ್ತಿಗೆ ಕಾರಣ ಕೊಕ್ಕೆಹುಳು ಅಂದ. ಬರಿಗಾಲಲ್ಲಿ ನಡೆಯುವವರ ಪಾದದ ಚರ್ಮ ತೂರಿ ಒಳಗೆ ಹೋಗುವ ಈ ಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಒಂದು ಹುಳು ದಿನಕ್ಕೆ ಕುಡಿಯೋದು ಒಂದೋ ಕೆಲವೋ ಹನಿ. ಆದರೆ ನೂರಾರು ಹುಳು ವರ್ಷಗಟ್ಟಲೆ ಕುಡಿದರೆ? ಪತ್ರಿಕೆಗಳು ಇದನ್ನ "ಸೋಮಾರಿತನದ ಕ್ರಿಮಿ" ಅಂತ ತಮಾಷೆ ಮಾಡಿದವು. ತಮಾಷೆ ಏನೇ ಇರಲಿ, ಮಾತು ಸತ್ಯವಾಗಿತ್ತು. 1909ರಲ್ಲಿ ರಾಕ್‌ಫೆಲರ್ ಹಣದಿಂದ ಇದರ ವಿರುದ್ಧ ಒಂದು ಆಯೋಗವೇ ಶುರುವಾಯಿತು. ನಾಲ್ಕು ವರ್ಷದ ನಂತರ, 1913ರಲ್ಲಿ, ರಾಕ್‌ಫೆಲರ್ ಫೌಂಡೇಶನ್ ಹುಟ್ಟಿತು.

ಈ ಹೆಸರು ನೆನಪಿಟ್ಟುಕೊಳ್ಳಿ, ನಮ್ಮ ಕತೆಯಲ್ಲಿ ಇನ್ನೂ ಎರಡು ಸಲ ಬರುತ್ತದೆ. 1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿ ಕಂಡಿದ್ದು ಶಾಲೆಯಲ್ಲಿ ಓದಿದ್ದೇವೆ. ಅದಾದ ಮೂವತ್ತು ವರ್ಷಕ್ಕೆ, 1920ರ ದಶಕದ ಕೊನೆಗೆ, ಮೈಸೂರು ಸಂಸ್ಥಾನದ ಆರೋಗ್ಯ ಇಲಾಖೆ ಇದೇ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನ ಶುರುಮಾಡಿತು. ಗುಡ್ಡಗಾಡಿನ ನಿಧಾನಕ್ಕೆ ಹರಿಯೋ ನೀರಿನ ಅಂಚಿನಲ್ಲಿ ಮೊಟ್ಟೆ ಇಡೋ ಅನಾಫಿಲಿಸ್ ಫ್ಲೂವಿಯಾಟಿಲಿಸ್ ಸೊಳ್ಳೆಯೇ ಮಲೆನಾಡಿನ ಮುಖ್ಯ ಅಪರಾಧಿ. ನಾವು ಪ್ರೀತಿಯಿಂದ ನೋಡೋ ಹಳ್ಳಗಳು, ತೋಟದ ಕಾಲುವೆಗಳು ಅದಕ್ಕೆ ಹೇಳಿಮಾಡಿಸಿದ ಮನೆ.

1945-46ರ ಹೊತ್ತಿಗೆ ಸೊರಬದ ಗಡಿಯಾಚೆ, ಆಗಿನ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ, ಡಿ. ಕೆ. ವಿಶ್ವನಾಥನ್ ಅವರ ಮುಂದಾಳತ್ವದಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಯೋ ಕೆಲಸ ಶುರುವಾಯಿತು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಮಲೇರಿಯಾ ಬರ್ತಿತ್ತು, 8 ಲಕ್ಷ ಜನ ಸಾಯ್ತಿದ್ದರು ಅನ್ನೋದು ಆಗಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ. 1965ರ ಹೊತ್ತಿಗೆ ಪ್ರಕರಣಗಳು ಒಂದು ಲಕ್ಷದ ಆಸುಪಾಸಿಗೆ ಇಳಿದವು. 1970ರ ದಶಕದಲ್ಲಿ ಮಲೇರಿಯಾ ಮತ್ತೆ ತಲೆ ಎತ್ತಿತು, ಡಿಡಿಟಿಯಿಂದ ಆದ ಹಾನಿಯೂ ಆಮೇಲೆ ಗೊತ್ತಾಯಿತು. ಆದರೂ ಮಲೆನಾಡು ಮತ್ತೆ ಮನುಷ್ಯರು ಇರಬಹುದಾದ ಊರಾಗಿದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು.

ಶಿಕಾರಿಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನ್ನ ಅಜ್ಜಿಗೆ "ಮಲೇರಿಯಾದವರು" ಬಂದು ಗೋಡೆಗೆ ಬಿಳಿ ಮದ್ದು ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗ್ತಿದ್ದದ್ದು ನೆನಪಿದೆ. "ಅದಕ್ಕೂ ಮುಂಚೆ ಮನೆಲ್ಲಿ ಒಬ್ರು ಎದ್ರೆ ಇನ್ನೊಬ್ರು ಮಲಗ್ತಿದ್ರು. ಕೊಯ್ಲಿಗೆ ಜನ ಸಿಗ್ತಿರ್ಲಿಲ್ಲ" ಅಂತಾಳೆ. ಮಕ್ಕಳಾಗಿದ್ದಾಗ ಇವಳೂ ಮಧ್ಯಾಹ್ನ ಮಲಗಿಬಿಡ್ತಿದ್ದಳಂತೆ. "ಸೋಮಾರಿ ಹುಡುಗಿ ಅಂತ ಅಪ್ಪಯ್ಯ ಬೈತಿದ್ರು" ಅಂತ ಹೇಳಿ ನಗ್ತಾಳೆ. ನನಗೆ ನಗು ಬರಲಿಲ್ಲ.

ಕ್ಯಾಸನೂರು, 1957

ಮಲೇರಿಯಾ ಇಳೀತಾ ಇದ್ದ ಅದೇ ದಿನಗಳಲ್ಲಿ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಿಗೆ ಸೇರಿತು. ಹೆಮ್ಮೆ ಪಡೋ ವಿಷಯದಲ್ಲಿ ಅಲ್ಲ. 1957ರ ಮಾರ್ಚ್‌ನಲ್ಲಿ ಕ್ಯಾಸನೂರು ಕಾಡಿನಲ್ಲಿ ಮುಸುವ ಮತ್ತು ಕೆಂಪು ಮೂತಿಯ ಮಂಗಗಳು ಸಾಯ್ತಾ ಇದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಈ ಕೇಂದ್ರವನ್ನ 1952ರಲ್ಲಿ ಶುರುಮಾಡಿದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು, ಹೌದು, ರಾಕ್‌ಫೆಲರ್ ಫೌಂಡೇಶನ್. ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ.

ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬಂದಾಗ ಅವರಿಗಿದ್ದ ಭಯ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಾಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲೋ ಆ ಕಾಯಿಲೆ ಭಾರತಕ್ಕೆ ಕಾಲಿಟ್ಟಿತಾ ಅಂತ. ಸತ್ತ ಮಂಗ, ಜ್ವರ ಬಂದವರ ರಕ್ತ, ಕಾಡಿನ ಉಣುಗು, ಎಲ್ಲ ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡೋ ಮೆದುಳು ಜ್ವರದ ಕುಟುಂಬಕ್ಕೆ ಸೇರಿದ, ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ವೈರಸ್ಸು. ಹೊರಗಿನವರಿಗೆ ಅದು ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ನಮಗೆ ಮಂಗನ ಕಾಯಿಲೆ.

ಪಾಪ, ಮಂಗಗಳೂ ನಮ್ಮ ಹಾಗೇ ರೋಗಿಗಳು. ಹರಡೋದು ಮುಖ್ಯವಾಗಿ ಹೀಮೋಫೈಸಾಲಿಸ್ ಸ್ಪಿನಿಜೆರಾ ಅನ್ನೋ ಉಣುಗಿನ ಎಳೆಯ ಮರಿಗಳು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕೆಳಗೆ ಉದುರಿ ಆ ಜಾಗವೇ ಅಪಾಯದ ಜಾಗ ಆಗುತ್ತದೆ. ಡಿಸೆಂಬರಿಂದ ಮೇವರೆಗೆ ಕಾಲ. ನಮ್ಮ ಜನ ದರಕು ಗುಡಿಸೋಕೆ, ಸೌದೆ ತರೋಕೆ, ಸೊಪ್ಪು ಕಡಿಯೋಕೆ ಕಾಡಿಗೆ ಹೋಗೋದೂ ಅದೇ ಕಾಲ. ಮುಂದೆ ಸಾಗರದಲ್ಲಿ ಕ್ಷೇತ್ರ ಕೇಂದ್ರ ಮಾಡಿಕೊಂಡು ಪಿ. ಕೆ. ರಾಜಗೋಪಾಲನ್ ಅವರಂಥ ಕೀಟಶಾಸ್ತ್ರಜ್ಞರು ಕಾಡು ಅಲೆದು ಈ ಉಣುಗಿನ ಜಾತಕ ಬರೆದರು. ಜಾರ್ಜ್ ಬೋಶೆಲ್ ಅನ್ನೋ ವಿಜ್ಞಾನಿ 1969ರಲ್ಲಿ ಇನ್ನೊಂದು ಮಾತು ಸೇರಿಸಿದ. ಕಾಡು ಕಡಿದು ಒಳಗೆ ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿ, ಕಾಡಿನೊಳಗೆ ಸುಮ್ಮನಿದ್ದ ವೈರಸ್ಸು ಮನುಷ್ಯರ ಹಾದಿಗೆ ಬಂತು ಅಂತ.

ಈ ಕಾಯಿಲೆಯ ಲಕ್ಷಣಗಳಲ್ಲಿ ದಿಢೀರ್ ಜ್ವರ, ಹಣೆ ಸಿಡಿಯೋ ತಲೆನೋವು, ಸೊಂಟ ಮತ್ತು ಮೀನಖಂಡದ ನೋವು, ಕೆಂಪು ಕಣ್ಣು, ಕೆಲವರಿಗೆ ಮೂಗು ಒಸಡಿನಲ್ಲಿ ರಕ್ತ. ಶೇಕಡಾ 3ರಿಂದ 5ರಷ್ಟು ರೋಗಿಗಳು ಸಾಯ್ತಾರೆ. ಶೇಕಡಾ 10ರಿಂದ 20 ಜನರಿಗೆ ಒಂದೆರಡು ವಾರ ಸುಧಾರಿಸಿದ ಮೇಲೆ ಮತ್ತೆ ಜ್ವರ ಬಂದು ಈ ಸಲ ನರಮಂಡಲಕ್ಕೆ ತಾಗುತ್ತದೆ. ಇದೆಲ್ಲ ಪತ್ರಿಕೆಗಳಲ್ಲಿ ಪ್ರತಿ ಬೇಸಿಗೆ ಬರುತ್ತದೆ.

ಬಾರದೇ ಇರೋದು ಆಮೇಲಿನ ಕತೆ. ಬದುಕಿ ಬಂದ 95 ಜನರದ್ದು. ಜ್ವರ ಬಿಟ್ಟ ನಂತರವೂ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯೋ ನಿತ್ರಾಣದ್ದು. ವೈದ್ಯರು ಬರೆದ ವಿವರಣೆಗಳಲ್ಲಿ "ಚೇತರಿಕೆ ದೀರ್ಘ" ಅಂತ ಒಂದು ಸಾಲು ಇರುತ್ತದೆ. ಆ ಒಂದು ಸಾಲು ಹೇಗಿರುತ್ತದೆ ಅಂತ ನಾನು ನಮ್ಮೂರಲ್ಲೇ ನೋಡಿದೀನಿ. ಸೊಪ್ಪಿನ ಬೆಟ್ಟದ ಕೆಲಸಕ್ಕೆ ಹೋಗ್ತಿದ್ದ ಒಬ್ಬರು ಅಕ್ಕ, ಮಂಗನ ಕಾಯಿಲೆಯಾಗಿ ಆಸ್ಪತ್ರೆ ಸೇರಿ ಹುಷಾರಾಗಿ ಬಂದರು. ರಕ್ತದ ರಿಪೋರ್ಟು ನಾರ್ಮಲ್. ಆದರೆ ಎರಡು ತಿಂಗಳು ಅವರಿಗೆ ಬಾವಿಯಿಂದ ಒಂದು ಕೊಡ ನೀರು ಎತ್ತೋಕೆ ಆಗಲಿಲ್ಲ. ರಾತ್ರಿ ಎಂಟಕ್ಕೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದರೂ ಕಂಬಕ್ಕೆ ಒರಗಿ ಕೂರ್ತಿದ್ದರು. ಕೂಲಿ ಇಲ್ಲ. "ಜ್ವರ ಬಿಟ್ಟು ತಿಂಗಳಾಯ್ತಲ್ಲ, ಇನ್ನೂ ಎಂತ ಆಗಿದ್ಯಂತೆ ಇವ್ಳಿಗೆ" ಅಂತ ಊರಿನ ಮಾತು ಬೇರೆ. ಒಂದು ದಿನ ಅವರೇ ನನ್ನ ಅಮ್ಮನ ಹತ್ತಿರ "ನಂಗೆ ಸೋಮಾರಿತನ ಬಂದ್ಬಿಟ್ಟಿದೆಯೇನೋ ಅಮ್ಮ" ಅಂದರಂತೆ. ಹೊರಗಿನವರು ಹೇಳಿದ ಮಾತನ್ನ ರೋಗಿಯೇ ನಂಬೋಕೆ ಶುರುಮಾಡಿದರೆ ಇನ್ನು ಯಾವ ವೈದ್ಯರ ಹತ್ತಿರ ಹೋಗ್ತಾರೆ?

ಕೆಎಫ್‌ಡಿಗೆ ನಿರ್ದಿಷ್ಟ ಔಷಧಿ ಇಲ್ಲ, ಶುಶ್ರೂಷೆಯೇ ಚಿಕಿತ್ಸೆ. 1990ರಿಂದ ಲಸಿಕೆ ಬಳಕೆಗೆ ಬಂತು. 2005ರಿಂದ 2010ರವರೆಗಿನ ಅಂಕಿಗಳನ್ನ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸ್ ಲಸಿಕೆಯ ಪರಿಣಾಮ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು. ಚುಚ್ಚಿದ ಜಾಗ ವಿಪರೀತ ನೋಯ್ತಿತ್ತು ಅಂತ ಜನ ಎರಡನೇ ಡೋಸಿಗೆ ಬರೋದು ಕಮ್ಮಿ. 2022ರಲ್ಲಿ ಆ ಲಸಿಕೆಯನ್ನ ನಿಲ್ಲಿಸಲಾಯಿತು. ಕಾಯಿಲೆ ಮಾತ್ರ ನಿಂತಿಲ್ಲ. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು, 2024ರಲ್ಲಿ ಸಿದ್ದಾಪುರ ಕಡೆಯ ಸುದ್ದಿಗಳು ನಿಮಗೂ ನೆನಪಿರಬಹುದು.

ಕೋವಿಡ್ ಕಲಿಸಿದ್ದು

ವೈರಸ್ಸು ಹೋದರೂ ಸುಸ್ತು ಉಳಿಯುತ್ತದೆ ಅನ್ನೋದನ್ನ ಜಗತ್ತು ಗಂಭೀರವಾಗಿ ತಗೊಳ್ಳೋಕೆ ಕೋವಿಡ್ ಬರಬೇಕಾಯಿತು. ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 1955ರಲ್ಲೇ ಸಿಬ್ಬಂದಿಗೆ ಒಂದು ಸೋಂಕಿನಂಥ ಕಾಯಿಲೆಯಾಗಿ, ಹಲವರಿಗೆ ಸುಸ್ತು ಬಹಳ ಕಾಲ ಉಳಿದಿತ್ತು. 1970ರಲ್ಲಿ ಇಬ್ಬರು ಮನೋವೈದ್ಯರು ಇದು ಸಾಮೂಹಿಕ ಉನ್ಮಾದ ಅಂತ ಬರೆದರು, ಹೆಚ್ಚು ಜನ ಹೆಂಗಸರು ಅನ್ನೋದನ್ನೂ ಕಾರಣವಾಗಿ ಕೊಟ್ಟು! ಕೋವಿಡ್ ನಂತರ ಸುಸ್ತಾದವರು ಎಲ್ಲ ದೇಶಗಳಲ್ಲೂ, ಎಲ್ಲ ವರ್ಗಗಳಲ್ಲೂ ಇದ್ದರು, ಅವರಲ್ಲಿ ವೈದ್ಯರೂ ಇದ್ದರು. 2021ರ ಅಕ್ಟೋಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ಥಿತಿಗೆ ಒಂದು ವ್ಯಾಖ್ಯೆ ಕೊಟ್ಟಿತು. ಅದರಲ್ಲಿ ಹೆಸರಿಸಿದ ಮುಖ್ಯ ಲಕ್ಷಣಗಳಲ್ಲಿ ಸುಸ್ತೂ ಒಂದು. ನಮ್ಮೂರಿನ ಆ ಅಕ್ಕ ಕಂಬಕ್ಕೆ ಒರಗಿ ಕೂತಿದ್ದಕ್ಕೂ ಇದಕ್ಕೂ ನನಗೆ ದೊಡ್ಡ ದೂರ ಕಾಣಲಿಲ್ಲ.

ಹಾಗಾದರೆ ನಾವು?

ಇಷ್ಟೆಲ್ಲ ಯಾಕೆ ಹುಡುಕಿದೆ ಅಂತ ಹೇಳಲೇಬೇಕಲ್ಲ. ಕಳೆದ ವರ್ಷ ನನಗೂ ನಿತ್ರಾಣ ಹಿಡಿದಿತ್ತು. ಬೆಂಗಳೂರಲ್ಲಿ ಕೂತು ಕೋಡ್ ಬರೆಯೋ ಕೆಲಸ. ರಾತ್ರಿ ಹನ್ನೊಂದಕ್ಕೆ ಮಲಗಿ ಏಳಕ್ಕೆ ಏಳ್ತಿದ್ದೆ, ಮಧ್ಯಾಹ್ನದ ಮೀಟಿಂಗಿಗೆ ಕಣ್ಣು ತೆರೆದಿಡೋದೇ ಸಾಹಸ. ಕೂತು ಕೆಲಸ ಮಾಡೋನಿಗೆ ಎಂಥಾ ಸುಸ್ತು ಮಾರಾಯ ಅಂತ ಊರಿಂದ ಫೋನಿನಲ್ಲಿ ಕೇಳಿದರು. ನಾನು ವೈದ್ಯರ ಹತ್ತಿರ ಹೋದೆ.

ಅವರು ಮೊದಲು ಪರೀಕ್ಷೆ ಬರೆಯಲಿಲ್ಲ, ಕೇಳಿದರು. ಯಾವಾಗಿಂದ? ಗೊರಕೆ ಇದೆಯಾ, ನಿದ್ದೆಯಲ್ಲಿ ಉಸಿರು ಕಟ್ಟಿದ ಹಾಗೆ ಆಗುತ್ತಾ? ತೂಕ ಬದಲಾಗಿದೆಯಾ? ಏನು ಊಟ? ಯಾವುದಾದರೂ ಮಾತ್ರೆ ತಗೋತೀರಾ? ಮೊದಲು ಖುಷಿ ಕೊಡ್ತಿದ್ದ ಕೆಲಸಗಳು ಈಗಲೂ ಖುಷಿ ಕೊಡುತ್ತವಾ? ಕೊನೆಯ ಪ್ರಶ್ನೆಗೆ ನಾನು ಒಂದು ನಿಮಿಷ ಯೋಚಿಸಬೇಕಾಯಿತು. ಆಮೇಲೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ಪರೀಕ್ಷೆ. ನನಗೆ ಕಡಿಮೆ ಇದ್ದದ್ದು ಬಿ12. ಮಾಂಸ, ಮೊಟ್ಟೆ ತಿನ್ನದ, ಹಾಲು ಮೊಸರೂ ಕಮ್ಮಿ ತಿನ್ನೋ ನನ್ನಂಥವರಲ್ಲಿ ಇದು ಮಾಮೂಲಂತೆ. ಮದ್ದು ತಗೊಂಡು ಮೂರು ತಿಂಗಳಿಗೆ ವ್ಯತ್ಯಾಸ ಗೊತ್ತಾಯಿತು.

ಎಲ್ಲರಿಗೂ ಇಷ್ಟು ಸುಲಭದ ಉತ್ತರ ಸಿಗೋದಿಲ್ಲ ಅಂತ ಗೊತ್ತು. ಆದರೆ ಸಿಗೋ ಉತ್ತರಗಳು ಎಷ್ಟೋ ಇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಜನಕ್ಕೆ, ಗಂಡಸರಲ್ಲಿ ಶೇಕಡಾ 25 ಜನಕ್ಕೆ ರಕ್ತಹೀನತೆ ಇದೆ. ಕರ್ನಾಟಕದ ಹೆಂಗಸರಲ್ಲಿ ಸುಮಾರು 48. ಅಂದರೆ ನಿಮ್ಮ ಮನೆಯಲ್ಲಿ "ಸ್ವಲ್ಪ ಹೊತ್ತು ಅಡ್ಡ ಆಗ್ತೀನಿ" ಅನ್ನೋ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಕಾರಣ ರಕ್ತದಲ್ಲೇ ಇರಬಹುದು. ಗೊರಕೆ ಹೊಡೆದು ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋರಿಗೆ ಎಂಟು ಗಂಟೆ ನಿದ್ದೆ ಅನ್ನೋದು ಗಡಿಯಾರದ ಲೆಕ್ಕ ಮಾತ್ರ. ಮೈ ಮಲಗಿಯೇ ಇರೋದಿಲ್ಲ. ಅದಕ್ಕೆ ಗಾಳಿ ಒತ್ತುವ ಮುಖವಾಡದ ಚಿಕಿತ್ಸೆ 1981ರಿಂದ ಇದೆ. ಮನಸ್ಸಿನ ಖಿನ್ನತೆಯೂ ಸುಸ್ತಿನ ವೇಷದಲ್ಲೇ ಬರೋದು ಜಾಸ್ತಿ. ಅದಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ, 14416. ಕನ್ನಡದಲ್ಲೇ ಮಾತಾಡಬಹುದು.

ಇತಿಹಾಸ ಬಿಟ್ಟು ಆರೋಗ್ಯ ಸಲಹೆಗೆ ಇಳಿದೆ ಅಂತ ಬೈಬೇಡಿ :-) ನನಗೆ ಇವೆರಡೂ ಒಂದೇ ಕತೆ. ಬಳ್ಳಿಗಾವಿಯ ಪಟ್ಟಿಯಲ್ಲಿ ಕೈಲಾಗದವರಿಗೆ ಒಂದು ಜಾಗ ಇತ್ತು. ಮಲೆನಾಡಿನ ಆಲಸ್ಯ ಅನ್ನೋದು ಗುಲ್ಮದ ಗಡ್ಡೆ ಎಣಿಸಿದಾಗ ಮಲೇರಿಯಾ ಆಯಿತು. ಕ್ಯಾಸನೂರಿನ ಜ್ವರಕ್ಕೆ ಹೆಸರು ಸಿಕ್ಕಿದ್ದು ಯಾರೋ ಮಂಗ ಸತ್ತ ಸುದ್ದಿ ಮುಟ್ಟಿಸಿದ್ದಕ್ಕೆ, ಯಾರೋ ಬಂದು ನೋಡಿದ್ದಕ್ಕೆ. ಆದರೆ ಜ್ವರ ಬಿಟ್ಟ ಮೇಲಿನ ನಿತ್ರಾಣವನ್ನ ಕೂತು ಕೇಳುವವರು ಇನ್ನೂ ಕಮ್ಮಿ. ಮಂಗನ ಕಾಯಿಲೆಯಿಂದ ಎದ್ದು ಬಂದ ಕೂಲಿಯವರಿಗೆ ಆ ಎರಡು ತಿಂಗಳ ಗಂಜಿಗೆ ದಾರಿ ಏನು ಅನ್ನೋದು ಪ್ರತಿ ಬೇಸಿಗೆಯೂ ನಮ್ಮ ತಾಲ್ಲೂಕುಗಳಲ್ಲಿ ಏಳೋ ಪ್ರಶ್ನೆ.

ಮುಂದಿನ ಸಲ ಬನವಾಸಿ ನೋಡೋಕೆ ಬಂದವರು ಹಾಗೇ ಶಿರಾಳಕೊಪ್ಪದ ಕಡೆ ತಿರುಗಿ ಬಳ್ಳಿಗಾವಿಯ ಕೇದಾರೇಶ್ವರವನ್ನೂ ನೋಡಿ. ಮತ್ತೆ ನಿಮ್ಮ ಅಜ್ಜಿ ತಾತಂದಿರು ಇನ್ನೂ ಇದ್ದರೆ ಹಳೆಯ ಚಳಿ ಜ್ವರದ ದಿನಗಳ ಬಗ್ಗೆ ಒಮ್ಮೆ ಕೇಳಿ ಬರೆದಿಡಿ. ಆ ಗೋಡೆಗಳ ಮೇಲಿನ ತಾರೀಕುಗಳ ಮೇಲೆ ಈಗ ನಾಲ್ಕೈದು ಸಲ ಪೇಂಟು ಬಿದ್ದಿದೆ.